ಸಂಪಿನೊಳಗೆ ಆಲೂಗಡ್ಡೆ

ಮನೆಯಲ್ಲಿ ಏನೋ ನಾರುತ್ತಿತ್ತು.

ಅಡುಗೆಮನೆಯ ಬಾಗಿಲ ಬಳಿ ಸ್ವಲ್ಪ, ಹಿತ್ತಲಲ್ಲಿ ಜಾಸ್ತಿ. ಇಲಿ ಸತ್ತಿರಬೇಕು ಅಂತ ಅತ್ತೆ ಹೇಳಿದರು. ಕಪಾಟು ಸರಿಸಿ, ಸ್ಟೂಲು ಹತ್ತಿ, ಅಟ್ಟವನ್ನೂ ಹುಡುಕಿದ್ದಾಯಿತು. ಇಲಿ ಸಿಗಲಿಲ್ಲ. ಚರಂಡಿ ಕಟ್ಟಿರಬೇಕು ಅಂತ ಮೈದುನ ಹೇಳಿದ. ಗಂಡ ಸ್ಪ್ಯಾನರ್ ತಂದು ಸಿಂಕಿನ ಕೆಳಗೆ ಮಲಗಿ, ಪೈಪು ಬಿಚ್ಚಿ, ತೊಳೆದು, ಹೊಸ ವಾಷರ್ ಹಾಕಿ ಎದ್ದ.

ಅವನು ಪ್ಲಂಬರ್. ಬೀದಿಯವರಿಗೆಲ್ಲ ವಾಷರಣ್ಣ. ನಲ್ಲಿ ಸೋರಿದರೂ ವಾಷರ್, ಟ್ಯಾಂಕು ಸೋರಿದರೂ ವಾಷರ್. ಬಾಗಿಲು ಕಿರುಗುಟ್ಟಿದರೂ ಅವನ ಕೈ ಮೊದಲು ವಾಷರ್ ಡಬ್ಬಿಗೇ ಹೋಗುತ್ತದೆ ಅಂತ ಜನ ನಗುತ್ತಿದ್ದರು.

"ಈಗ ನೋಡು, ವಾಸನೆ ಹೋಯ್ತು" ಅಂದ.

"ವಾಸನೆ ಅಲ್ಲೇ ಇದೆ. ನಿಮ್ಮ ಮೂಗು ಹೋಗಿದೆ" ಅಂದಳು ಹೆಂಡತಿ.

ಅವಳು ಕಾರ್ಖಾನೆಯ ಕೆಲಸದವರಿಗೆ ಮಧ್ಯಾಹ್ನದ ಊಟ ಮಾಡಿ ಡಬ್ಬಿಯಲ್ಲಿ ಕಳಿಸುವವಳು. ಅದಕ್ಕೇ ಅವಳ ಹೆಸರು ಡಬ್ಬಿಯಕ್ಕ. ದಿನಾ ಬೇಕಾಗುವ ತರಕಾರಿಯಲ್ಲಿ ಆಲೂಗಡ್ಡೆಯೇ ಹೆಚ್ಚು. ಬೆಲೆ ಇಳಿದಾಗ ಮೂಟೆಗಟ್ಟಲೆ ತಂದಿಡುವ ಅಭ್ಯಾಸ. ಮೊದಲೆಲ್ಲ ಅಡುಗೆಮನೆಯ ಕಿಟಕಿಯ ಕೆಳಗೆ ಸುರಿಯುತ್ತಿದ್ದಳು. ಬಿಸಿಲು ತಾಗಿ ಅರ್ಧ ಹಸಿರಾಗುತ್ತಿತ್ತು, ಒಲೆಯ ಶಾಖಕ್ಕೆ ಇನ್ನರ್ಧ ಮೊಳಕೆ ಬಿಡುತ್ತಿತ್ತು. ಅವಳು ಸಿಪ್ಪೆ ಹೆರೆಯುತ್ತಾ ಗೊಣಗುವುದನ್ನು ಕೇಳಿ ಕೇಳಿ ಗಂಡನೇ ಒಂದು ಉಪಾಯ ಹುಡುಕಿದ್ದ.

ಹಿತ್ತಲಲ್ಲಿ ನೆಲದಡಿ ಒಂದು ಹಳೆಯ ಸಂಪು ಇತ್ತು. ಮನೆ ಮೇಲೆ ಟ್ಯಾಂಕು ಬಂದ ಮೇಲೆ ಅದರಲ್ಲಿ ನೀರು ತುಂಬುವುದು ನಿಂತಿತ್ತು. "ಒಳಗೆ ತಂಪು, ಒಳಗೆ ಕತ್ತಲೆ. ಆಲೂಗಡ್ಡೆಗೆ ಇನ್ನೇನು ಬೇಕು?" ಅಂದಿದ್ದ. ಮಾತು ಸರಿಯಾಗಿಯೇ ಇತ್ತು. ಅವಳಿಗೂ ಖುಷಿಯಾಗಿತ್ತು.

ಆದರೆ ಅವನು ಪ್ಲಂಬರ್. ಮಣ್ಣು ಮೆತ್ತಿದ ಗೆಡ್ಡೆ ನೋಡಿ ಅವನ ಕೈ ಸುಮ್ಮನಿರಲಿಲ್ಲ. ಪೈಪು ಹಿಡಿದು ಅಷ್ಟನ್ನೂ ಜೋರು ನೀರಲ್ಲಿ ತೊಳೆದ. ಸಂಪಿನ ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿದ. ಒದ್ದೆ ಗೆಡ್ಡೆಯನ್ನು ಅದರ ಮೇಲೆ ಗುಡ್ಡೆಯಾಗಿ ಸುರಿದ. ಸಲಿಕೆ ತಗುಲಿ ಸೀಳಿದವೂ ಅದರಲ್ಲೇ ಇದ್ದವು. ಕಡೆಗೆ ಕಬ್ಬಿಣದ ಮುಚ್ಚಳದ ಸುತ್ತ ದಪ್ಪ ರಬ್ಬರ್ ಪಟ್ಟಿ ಕೂರಿಸಿ, ಮೇಲೆ ನಿಂತು ಕುಣಿದು ತೋರಿಸಿದ.

"ಇರುವೆ ಕೂಡ ಒಳಗೆ ಹೋಗಲ್ಲ. ಗಾಳಿ ಕೂಡ!"

ಅಡುಗೆಮನೆಯಲ್ಲಿದ್ದ ಹಳೆಯ ಮೂಟೆ ಖರ್ಚಾಗುವವರೆಗೆ ಯಾರೂ ಆ ಮುಚ್ಚಳ ತೆಗೆಯಲಿಲ್ಲ.

ಆ ಬೆಳಿಗ್ಗೆ ಅಡುಗೆಮನೆಯಲ್ಲಿ ಆಲೂಗಡ್ಡೆ ಮುಗಿದಿತ್ತು. ಎರಡು ಒಲೆಯ ಮೇಲೂ ನೀರು ಕುದಿಯುತ್ತಿತ್ತು. ಡಬ್ಬಿಯಕ್ಕ ಬುಟ್ಟಿ ಹಿಡಿದು ಹಿತ್ತಲಿಗೆ ಹೋದಳು. ರಬ್ಬರ್ ಪಟ್ಟಿ ಅಂಟಿಕೊಂಡಿತ್ತು. ಸಲಾಕೆ ಹಾಕಿ ಮೀಟಿದಾಗ ಮುಚ್ಚಳ ಪುಸ್ ಅಂತ ಸದ್ದು ಮಾಡಿ ಮೇಲೆದ್ದಿತು.

ನಾರುತ್ತಿದ್ದದ್ದು ಏನು ಅಂತ ಆಗ ಗೊತ್ತಾಯಿತು.

ಸೆರಗು ಮೂಗಿಗೆ ಒತ್ತಿ ಅವಳು ಬಗ್ಗಿ ನೋಡಿದಳು. ಕತ್ತಲೆಯಲ್ಲಿ ಏನೂ ಕಾಣಲಿಲ್ಲ. ಇನ್ನೂ ಸ್ವಲ್ಪ ಬಗ್ಗಿದಳು. ಕಿವಿಯಲ್ಲಿ ಗುಂಯ್ ಅಂದಿತು. ಸಂಪಿನ ಬಾಯಿ ಒಂದು ಕಡೆಗೆ ವಾಲಿದ ಹಾಗಾಯಿತು. ಹೇಗೋ ಹಿಂದಕ್ಕೆ ಕೂತಳು. ಉಸಿರು ಎಳೆದಷ್ಟೂ ಸಾಲದು ಅನ್ನಿಸಿತು. ಸ್ವಲ್ಪ ಹೊತ್ತಿಗೆ ಸುಧಾರಿಸಿಕೊಂಡು, ಕಾಲಿನಿಂದಲೇ ಮುಚ್ಚಳ ನೂಕಿ ಮುಚ್ಚಿ, ಅದರ ಮೇಲೇ ಕೂತುಬಿಟ್ಟಳು.

"ಏನಾಯ್ತೇ?" ಗಂಡ ಹಲ್ಲುಜ್ಜುತ್ತಾ ಬಂದ.

"ಆಲೂಗಡ್ಡೆ ಕೊಳೆತಿದೆ. ಬಗ್ಗಿ ನೋಡ್ದೆ, ತಲೆ ಸುತ್ತಿ ಬಂತು."

"ಬೆಳಿಗ್ಗೆಯಿಂದ ಏನಾದ್ರೂ ತಿಂದಿದ್ದೀಯಾ?"

"ಇಲ್ಲ."

"ಅಷ್ಟೇ! ಹೊಟ್ಟೆಯಲ್ಲಿ ಏನೂ ಇಲ್ಲ, ತಲೆ ಸುತ್ತದೆ ಇನ್ನೇನಾಗುತ್ತೆ? ಏಳು. ನಾನು ಇಳಿದು ಮೇಲಿನ ಒಳ್ಳೇದನ್ನ ಎತ್ತಿ ಕೊಡ್ತೀನಿ. ಕೊಳೆತದ್ದನ್ನ ಆಮೇಲೆ ಬಳಿಯೋಣ."

"ಬೇಡ ರೀ."

"ಬೇಡ ಅಂದ್ರೆ? ಇವತ್ತು ಡಬ್ಬಿ ಹೋಗದಿದ್ರೆ ಕಾರ್ಖಾನೆಯವರು ಬೇರೆಯವರನ್ನ ನೋಡ್ಕೋತಾರೆ ಅಂತ ನೀನೇ ತಾನೇ ಹೇಳೋದು?"

ಅವಳು ಏಳಲಿಲ್ಲ. ಮೈದುನ ಬಂದ. ಮನೆಯಲ್ಲಿ ಅವನನ್ನು ಚಿಕ್ಕೋನು ಅನ್ನುತ್ತಾರೆ, ಬಾಗಿಲು ದಾಟುವಾಗ ತಲೆ ಬಗ್ಗಿಸಬೇಕಾದಷ್ಟು ದೊಡ್ಡ ಆಳು. ಅಣ್ಣನ ಜೊತೆಯಲ್ಲೇ ಕೆಲಸ.

"ಅತ್ತಿಗೆ, ಮೊಟ್ಟೆ ಮೇಲೆ ಕೂತ ಕೋಳಿ ಥರ ಕೂತಿದ್ದೀರಲ್ಲ. ಮರಿ ಎಷ್ಟು?"

ಅವಳಿಗೆ ನಗು ಬರಲಿಲ್ಲ. ಅದೇ ಹೊತ್ತಿಗೆ ಪಕ್ಕದ ಓಣಿಯ ಗೆಳತಿ ತನ್ನ ಡಬ್ಬಿ ಒಯ್ಯಲು ಹಿತ್ತಲ ಬಾಗಿಲಿಗೆ ಬಂದಳು. ಅವಳು ಆಲೂಗಡ್ಡೆ, ಈರುಳ್ಳಿ ಗೋದಾಮಿನಲ್ಲಿ ಆರಿಸುವ ಕೆಲಸದವಳು. ಬಾಗಿಲಲ್ಲೇ ನಿಂತಳು, ಒಮ್ಮೆ ಮೂಸಿದಳು. ಮುಖ ಬದಲಾಯಿತು.

"ಏನೇ, ಯಾವುದರೊಳಗೆ ಇಟ್ಟಿದ್ದೀರಿ ಆಲೂಗಡ್ಡೆ?"

ಡಬ್ಬಿಯಕ್ಕ ಕೂತಲ್ಲಿಂದಲೇ ನೆಲ ತೋರಿಸಿದಳು.

"ಗಾಳಿಗೆ ಕಿಂಡಿ?"

"ಕಿಂಡಿ ಯಾಕೆ?" ಅಂದ ವಾಷರಣ್ಣ. "ಪಟ್ಟಿ ಹಾಕಿ ಬಿಗಿ ಮಾಡಿದ್ದೀನಿ."

"ಅಣ್ಣಾ, ಯಾರೂ ಇಳೀಬೇಡಿ. ಕೈ ಮುಗೀತೀನಿ. ಆಲೂಗಡ್ಡೆಗೆ ಜೀವ ಇದೆ, ಅದೂ ಉಸಿರಾಡುತ್ತೆ. ಕೊಳೆಯೋಕೆ ಶುರುವಾದ್ರೆ ಒಳಗಿರೋ ಒಳ್ಳೇ ಗಾಳಿಯನ್ನೆಲ್ಲ ತಿಂದುಹಾಕಿ ಕೆಟ್ಟ ಗಾಳಿ ಬಿಡುತ್ತೆ. ಅದು ಭಾರ. ಮೇಲೆ ಬರಲ್ಲ, ತಳದಲ್ಲೇ ಕೂತಿರುತ್ತೆ."

"ತಂಗಿ, ನಾನು ಎಷ್ಟು ಸಂಪು ಇಳಿದಿದ್ದೀನಿ ಗೊತ್ತಾ?"

"ನೀರಿನ ಸಂಪು ಅಣ್ಣ. ಇದು ನೀರಲ್ಲ."

"ಉಸಿರು ಬಿಗಿ ಹಿಡ್ಕೊಂಡು ಇಳೀತೀನಿ."

"ಗೆಡ್ಡೆ ಆರಿಸ್ತಾ ಎಷ್ಟು ಹೊತ್ತು ಹಿಡೀತೀರಾ? ಒಂದ್ಸಲ ಎಳೆದ್ರೆ ಸಾಕು, ಕಾಲು ಸೋಲುತ್ತೆ. ಕೂಗೋಕೂ ಆಗಲ್ಲ."

ಒಳಗಿಂದ ಅತ್ತೆ ಬಂದರು. "ಏನದು ಬೆಳಿಗ್ಗೆ ಬೆಳಿಗ್ಗೆ? ಒಲೆ ಮೇಲೆ ನೀರು ಅರ್ಧ ಇಂಗಿದೆ. ಏಳಮ್ಮಾ, ಅವನ ಕೆಲಸ ಅವನು ಮಾಡ್ಲಿ. ಆಲೂಗಡ್ಡೆಗೆ ಹೆದರಿದ್ರೆ ಇನ್ನು ಕುಂಬಳಕಾಯಿ ನೋಡಿ ಊರು ಬಿಡ್ತೀಯಾ?"

ಗೆಳತಿ ಅವರ ಕಡೆ ತಿರುಗಿದಳು. "ಅಮ್ಮಾ, ನಮ್ಮ ಗೋದಾಮಿನ ಹಿಂದೆ ಒಂದು ನೆಲಮಾಳಿಗೆ ಇತ್ತು. ಹೀಗೇ ಮುಚ್ಚಿತ್ತು. ಮೂಟೆ ಹೊರೋನು ಒಬ್ಬ ಇಳಿದ, ಮೇಲೆ ಬರಲಿಲ್ಲ. ಏನಾಯ್ತು ಅಂತ ನೋಡೋಕೆ ಅವನ ಭಾವ ಇಳಿದ. ಅವನೂ ಬರಲಿಲ್ಲ."

"ಆಮೇಲೆ?"

"ಆಮೇಲೆ ಮೂರನೆಯವನನ್ನ ನಾವು ಹಿಡ್ಕೊಂಡ್ವಿ."

ಅಡುಗೆಮನೆಯಲ್ಲಿ ಫೋನು ಹೊಡೆದುಕೊಂಡಿತು. ಕಾರ್ಖಾನೆಯವರೇ ಇರಬೇಕು. ಹೊಡೆದುಕೊಂಡು ಹೊಡೆದುಕೊಂಡು ನಿಂತಿತು.

"ಅಗ್ನಿಶಾಮಕದವರಿಗೆ ಫೋನ್ ಮಾಡ್ತೀನಿ" ಅಂದಳು ಗೆಳತಿ. "ಅವರ ಹತ್ತಿರ ಮುಖವಾಡ ಇರುತ್ತೆ, ಗಾಳಿ ನೂಕೋ ಯಂತ್ರ ಇರುತ್ತೆ. ನನ್ನ ಫೋನಿಗೆ ಇಲ್ಲಿ ಸಿಗ್ನಲ್ ಸಿಗಲ್ಲ, ರಸ್ತೆಗೆ ಹೋಗಿ ಮಾಡಿ ಬರ್ತೀನಿ. ಅಲ್ಲಿವರೆಗೂ ನೀನು ಏಳಬೇಡ ಕಣೇ."

ಅವಳು ಓಡಿದಳು.

ವಾಷರಣ್ಣನಿಗೆ ಇದು ತೀರಾ ಅತಿಯಾಯಿತು. ಮನೆಯ ಮುಂದೆ ಕೆಂಪು ಗಾಡಿ ಬಂದು ನಿಲ್ಲುವುದು, ಪ್ಲಂಬರ್ ಮನೆಯ ಸಂಪು ಖಾಲಿ ಮಾಡಲು ಸಮವಸ್ತ್ರದವರು ಇಳಿಯುವುದು, ಎದುರುಮನೆಯವರು ಮಹಡಿಯಿಂದ ನೋಡುವುದು. ಅವನ ಕಿವಿ ಕೆಂಪಾಯಿತು.

"ಏಳೇ."

"ಏಳಲ್ಲ."

"ಹಗ್ಗ ಕಟ್ಕೊಂಡು ಇಳಿದ್ರೆ?"

ಅವಳು ತಲೆ ಎತ್ತಿದಳು.

"ಮೋಟಾರು ಎತ್ತೋ ಹಗ್ಗ ಇದೆಯಲ್ಲ. ಎದೆಗೆ ಕಟ್ಕೊಳ್ತೀನಿ, ತುದಿ ನೀನೇ ಹಿಡ್ಕೋ. ಒಳಗೆ ಹೋಗಿ ಸಿಳ್ಳೆ ಹಾಕ್ತಾ ಇರ್ತೀನಿ. ಸಿಳ್ಳೆ ಕೇಳೋವರೆಗೂ ನಾನು ಚೆನ್ನಾಗಿದ್ದೀನಿ ಅಂತ ತಾನೇ? ಎರಡು ಬುಟ್ಟಿ ಎತ್ತಿ ಕೊಟ್ಟು ಬಂದ್ಬಿಡ್ತೀನಿ."

ಅತ್ತೆ ಅವಳನ್ನು ನೋಡುತ್ತಿದ್ದರು. ಚಿಕ್ಕೋನು ನೋಡುತ್ತಿದ್ದ. ಒಳಗೆ ಮತ್ತೆ ಫೋನು. ಹಗ್ಗ ಇದ್ದರೆ ಪರವಾಗಿಲ್ಲವೇನೋ, ಗೆಳತಿ ಹಗ್ಗದ ವಿಷಯ ಹೇಳಲೇ ಇಲ್ಲವಲ್ಲ ಅಂತ ಅವಳಿಗೆ ಅನ್ನಿಸಿತು. ಅನ್ನಿಸಿದ್ದಲ್ಲ, ಹಾಗೆ ಅಂದುಕೊಳ್ಳಬೇಕು ಅಂತ ಅವಳಿಗೆ ಆಸೆಯಾಯಿತು. ಎದ್ದಳು.

ಗಂಟು ಅವಳೇ ಹಾಕಿದಳು, ಕಂಕುಳಡಿ ಸುತ್ತಿಸಿ, ಎರಡು ಸಲ ಎಳೆದು ನೋಡಿ. "ಹಸು ಕಟ್ಟೋ ಥರ ಕಟ್ತಿದ್ದೀಯಲ್ಲೇ" ಅಂತ ಅವನು ನಕ್ಕ. ಮುಚ್ಚಳ ತೆಗೆದರು. ಅವನು ಗೋಡೆಗೆ ಹುಗಿದ ಕಂಬಿಗಳ ಮೇಲೆ ಕಾಲಿಡುತ್ತಾ ಇಳಿದ. ಮೊದಲು ಸೊಂಟ ಮರೆಯಾಯಿತು, ಆಮೇಲೆ ಭುಜ, ಆಮೇಲೆ ತಲೆ.

ಸಿಳ್ಳೆ ಬಂತು. ಯಾವುದೋ ಹಾಡು, ರಾಗ ಅರ್ಧ ತಪ್ಪು.

"ನೋಡಿದ್ಯಾ?" ಒಳಗಿಂದ ದನಿ ಡಬ್ಬಿಯಲ್ಲಿ ಮಾತಾಡಿದ ಹಾಗೆ ಕೇಳಿತು. "ವಾಸನೆ ಬಿಟ್ರೆ ಏನೂ..."

ಮತ್ತೆ ಸಿಳ್ಳೆ. ಒಂದು ಸಾಲು. ಅರ್ಧ ಸಾಲು. ನಿಂತಿತು.

ಅವಳು ಕಾದಳು, ಮುಂದಿನ ಸಾಲಿಗೆ. ಹಾಡಿನಲ್ಲಿ ಅಲ್ಲಿ ಉಸಿರು ತೆಗೆದುಕೊಳ್ಳಬೇಕು. ಅವಳೂ ತನ್ನ ಉಸಿರು ಹಿಡಿದುಕೊಂಡಿದ್ದಳು.

"ರೀ?"

ಒದ್ದೆ ಮೂಟೆ ಬಿದ್ದ ಸದ್ದು ಕೇಳಿತು. ಅವಳ ಕೈಯಲ್ಲಿದ್ದ ಹಗ್ಗ ಸರ್ರನೆ ಜಾರಿ, ಬಿಗಿದು ನಿಂತಿತು.

"ಅಣ್ಣಾ!" ಚಿಕ್ಕೋನು ಅಂಗಿ ಕಿತ್ತೆಸೆದು ಸಂಪಿನ ಬಾಯಿಗೆ ಕಾಲಿಟ್ಟ.

ಆಗ ಅತ್ತೆ ಅವನನ್ನು ಹಿಡಿದುಕೊಂಡರು. ಹಿಂದಿನಿಂದ, ಸೊಂಟಕ್ಕೆ ಎರಡೂ ಕೈ ಬಿಗಿದು, ಇಡೀ ಮೈಯ ಭಾರ ಬಿಟ್ಟು ಜೋತುಬಿದ್ದರು.

"ಬಿಡಮ್ಮಾ! ಅಣ್ಣ ಸಾಯ್ತಾನೆ!"

"ಗೊತ್ತು ಕಣೋ."

"ಬಿಡು ಅಂದ್ನಲ್ಲ!" ಅವನ ಮೊಣಕೈ ತಾಯಿಯ ಕೆನ್ನೆಗೆ ಬಡಿಯಿತು. ಅವರು ಬಿಡಲಿಲ್ಲ.

"ನೀನು ಇಳಿದ್ರೆ ನಿನ್ನ ಯಾರೋ ಎಳೆಯೋರು? ನನ್ನ ಕೈಯಲ್ಲಿ ಆಗುತ್ತಾ? ಅವಳ ಕೈಯಲ್ಲಿ ಆಗುತ್ತಾ? ಹಗ್ಗ ಹಿಡಿ! ಮೇಲೆ ನಿಂತು ಎಳಿ!"

ಡಬ್ಬಿಯಕ್ಕನ ಅಂಗೈ ಸುಲಿದು ರಕ್ತ ಬರುತ್ತಿತ್ತು. ಹಗ್ಗ ಗೇಣಷ್ಟು ಬಂದು ನಿಂತಿತ್ತು. ಚಿಕ್ಕೋನು ಒಂದು ಕ್ಷಣ ಸಂಪಿನ ಬಾಯಿ ನೋಡಿದ, ಒಂದು ಕ್ಷಣ ಅತ್ತಿಗೆಯ ಕೈ ನೋಡಿದ. ಕಾಲು ಹಿಂದಕ್ಕೆ ತೆಗೆದು ಹಗ್ಗ ಹಿಡಿದ.

ಗೆಳತಿ ಓಡಿ ಬಂದಳು. ಏನೂ ಕೇಳಲಿಲ್ಲ, ಫೋನು ನೆಲಕ್ಕೆಸೆದು ಹಗ್ಗದ ಬಾಲ ಹಿಡಿದಳು. "ತಲೆ ಒಳಗೆ ಹಾಕಬೇಡಿ! ಹಿಂದೆ ಸರಿದು ಎಳೀರಿ!"

ಎಳೆದರು. ತಲೆ ಒಮ್ಮೆ ಕಂಬಿಗೆ ತಗುಲಿ ಸಿಕ್ಕಿಕೊಂಡಿತು. ಸಡಿಲ ಬಿಟ್ಟು ಮತ್ತೆ ಎಳೆದರು. ಕೂದಲು ಕಂಡಿತು. ಭುಜ ಬಾಯಿಗೆ ಬಂದಾಗ ಚಿಕ್ಕೋನು ತೋಳಿಗೆ ಕೈ ಹಾಕಿ ಕಿತ್ತು ತೆಗೆದ ಹಾಗೆ ಹೊರಗೆಳೆದ.

ವಾಷರಣ್ಣನ ತುಟಿ ಬೂದಿ ಬಣ್ಣವಾಗಿತ್ತು. ಬೆರಳಲ್ಲಿ ಕೊಳೆತ ಆಲೂಗಡ್ಡೆಯ ಲೋಳೆ. ಬಾಗಿಲಾಚೆ ಬಯಲಿಗೆ ಎಳೆದು ಮಲಗಿಸಿದರು. ಡಬ್ಬಿಯಕ್ಕ ಅವನ ಎದೆಯ ಮೇಲೆ ಕೈಯಿಟ್ಟು ಕೂತಳು. ಎದೆ ಏಳುತ್ತಿದೆಯೋ ಇಲ್ಲವೋ ಗೊತ್ತಾಗಲಿಲ್ಲ.

ಅವನು ಕೆಮ್ಮಿದ. ಗೆಳತಿ ತಕ್ಷಣ ಪಕ್ಕಕ್ಕೆ ಹೊರಳಿಸಿದಳು. ವಾಂತಿ ಮಾಡಿದ. ಕಣ್ಣು ಬಿಟ್ಟು ಯಾರನ್ನೂ ಗುರುತಿಸದೆ ಮತ್ತೆ ಮುಚ್ಚಿದ. ಅತ್ತೆ ಗೋಡೆಗೆ ಒರಗಿ ಕೂತಿದ್ದರು. ಚಿಕ್ಕೋನ ಪ್ಯಾಂಟಿನಿಂದ ಕಿತ್ತುಬಂದ ಬೆಲ್ಟು ಇನ್ನೂ ಅವರ ಮುಷ್ಟಿಯಲ್ಲೇ ಇತ್ತು.

ಗೆಳತಿ ಫೋನಿನಲ್ಲೇ ಹೇಳಿದ್ದ ಆಂಬುಲೆನ್ಸು ಬಂತು. ಅದರಲ್ಲಿ ಮುಖಕ್ಕೆ ಆಮ್ಲಜನಕದ ಕೊಳವೆ ಹಾಕಿದರು. ಆಸ್ಪತ್ರೆಯಲ್ಲಿ ಡಾಕ್ಟರು ಇನ್ನು ಹೆದರಬೇಕಿಲ್ಲ ಅಂದರು. ಆದರೂ ರಾತ್ರಿ ಇಲ್ಲೇ ಇರಲಿ, ಎದ್ದು ಓಡಾಡಿದ ಮಾತ್ರಕ್ಕೆ ಮನೆಗೆ ಕರೆದುಕೊಂಡು ಹೋಗಬೇಡಿ ಅಂದರು.

ಸಂಜೆ ಅವನಿಗೆ ಮಾತು ಬಂತು.

"ಹೇಗಿತ್ತು ರೀ?" ಡಬ್ಬಿಯಕ್ಕ ಕೇಳಿದಳು. ಅವಳ ಎರಡೂ ಕೈಗೆ ಬಟ್ಟೆ ಸುತ್ತಿತ್ತು.

"ಏನೂ ಇರಲಿಲ್ಲ ಕಣೇ. ಅದೇ ನೋಡು. ನೋವಿಲ್ಲ, ಉಸಿರು ಕಟ್ಟಿದ ಹಾಗೂ ಆಗಲಿಲ್ಲ. ಒಂದು ಗೆಡ್ಡೆ ಎತ್ತಿಕೊಂಡೆ, ಮೆತ್ತಗಿತ್ತು. ಇನ್ನೊಂದಕ್ಕೆ ಕೈ ಹಾಕೋಣ ಅಂದ್ಕೊಂಡೆ. ಅಷ್ಟೇ ನೆನಪು."

"ಹಗ್ಗ ಕಟ್ಟಿದ್ದಕ್ಕೆ ಬದುಕಿದ್ರಿ" ಅಂದ ಚಿಕ್ಕೋನು.

"ಅಲ್ಲ" ಅಂದಳು ಡಬ್ಬಿಯಕ್ಕ. "ಹಗ್ಗ ಇದೆ ಅಂತ ನಾನು ಎದ್ದೆ. ನಾನು ಎದ್ದಿದ್ದಕ್ಕೆ ಅವರು ಇಳಿದ್ರು. ಹಗ್ಗ ಇದ್ರೂ ಇಳೀಬಾರ್ದಿತ್ತು. ಗಂಟು ಬಿಚ್ಚಿದ್ದಿದ್ರೆ? ಆ ಬಾಯಿ ಇನ್ನಷ್ಟು ಕಿರಿದಾಗಿದ್ದಿದ್ರೆ?"



ಅಗ್ನಿಶಾಮಕದವರು ಆ ದಿನವೇ ಬಂದು, ಯಂತ್ರದಿಂದ ಒಳಗೆ ಗಾಳಿ ನೂಕಿ, ಅಳತೆ ಮಾಡುವ ಉಪಕರಣ ಇಳಿಬಿಟ್ಟು ನೋಡಿ, ಮುಖವಾಡ ಹಾಕಿಕೊಂಡು ಸಂಪು ಖಾಲಿ ಮಾಡಿದ್ದರು. ಕಾರ್ಖಾನೆಯವರಲ್ಲಿ ಕೆಲವರು ನಿಜವಾಗಿಯೂ ಬೇರೆ ಕಡೆ ಊಟ ಹೇಳಿಕೊಂಡಿದ್ದರು. ಇರಲಿ ಅಂದಳು ಡಬ್ಬಿಯಕ್ಕ.

ಮತ್ತೆ ಆಲೂಗಡ್ಡೆ ತಂದಾಗ ಮೂಟೆ ಬಿಚ್ಚಲು ಗೆಳತಿಯನ್ನೇ ಕರೆದರು. ಮೆಟ್ಟಿಲ ಕೆಳಗಿನ ಜಾಗ ಖಾಲಿ ಮಾಡಿದ್ದರು. ಬಿಸಿಲು ಬೀಳದ, ಒಲೆಯಿಂದ ದೂರದ, ಎರಡು ಕಡೆಯಿಂದ ಗಾಳಿ ಹಾಯುವ ಜಾಗ.

ವಾಷರಣ್ಣ ಪೈಪಿನ ಕಡೆ ನಡೆದ.

"ಅಣ್ಣಾ, ಎಲ್ಲಿಗೆ? ತೊಳೀಬೇಡಿ. ಮಣ್ಣು ಒಣಗಿದ್ರೆ ಕೈಯಲ್ಲಿ ಉದುರಿಸಿ. ನೀರು ತಾಗಿಸೋದು ಅಡುಗೆ ಮಾಡೋ ದಿನ ಮಾತ್ರ."

"ಗಾಳಿ ಬಿಟ್ರೆ ಒಣಗಿ ಸುಕ್ಕಾಗಲ್ವಾ?" ಅವನ ಅನುಮಾನ ಪೂರ್ತಿ ಹೋಗಿರಲಿಲ್ಲ.

"ಸ್ವಲ್ಪ ಸುಕ್ಕಾಗಬಹುದು. ಕೊಳೆಯೋದಕ್ಕಿಂತ ವಾಸಿ. ಗೋಣಿಚೀಲ ಆಗುತ್ತೆ, ಸಂದಿ ಇರೋ ಕ್ರೇಟು ಇನ್ನೂ ಒಳ್ಳೇದು. ಪ್ಲಾಸ್ಟಿಕ್ ಕವರು ಬೇಡ. ಕೆಳಗೆ ಹಲಗೆ ಹಾಕಿ, ನೆಲದ ತೇವ ಏರಬಾರದು. ರಾಶಿ ಎತ್ತರ ಮಾಡಬೇಡಿ."

"ಈ ಸೀಳಿದ್ದು?"

"ಪೆಟ್ಟು ಬಿದ್ದದ್ದು, ಸೀಳಿದ್ದು ಎಲ್ಲ ಅಡುಗೆಮನೆಗೆ. ಅದನ್ನೇ ಮೊದಲು ಖರ್ಚು ಮಾಡಿ. ಒಂದು ಕೊಳೆತರೆ ಪಕ್ಕದ್ದನ್ನ ಬಿಡಲ್ಲ. ವಾರಕ್ಕೊಮ್ಮೆ ಕೈಯಾಡಿಸಿ ಆರಿಸಿ."

ಅತ್ತೆ ಈರುಳ್ಳಿ ಬುಟ್ಟಿ ತಂದು ಪಕ್ಕದಲ್ಲೇ ಇಟ್ಟರು.

"ಅಯ್ಯೋ ಅಮ್ಮಾ, ಇವೆರಡೂ ಬೇಡ. ಜೊತೆಗಿಟ್ರೆ ಎರಡೂ ಬೇಗ ಕೆಡುತ್ತೆ."

"ಅತ್ತೆ ಸೊಸೆ ಥರ ಅನ್ನು" ಅಂತ ಅತ್ತೆಯೇ ಅಂದು ಬುಟ್ಟಿ ಎತ್ತಿಕೊಂಡು ಹೋದರು.

"ಫ್ರಿಜ್ಜು?" ಚಿಕ್ಕೋನು ಕೇಳಿದ.

"ಹಸಿ ಆಲೂಗಡ್ಡೆಗೆ ಅಷ್ಟು ಚಳಿ ಬೇಡ. ಸಿಹಿಯಾಗುತ್ತೆ, ಹುರಿದ್ರೆ ಕಪ್ಪಾಗುತ್ತೆ."

"ಹಸಿರಾದದ್ದನ್ನ ನಾನು ಬೇಯಿಸಿಬಿಡ್ತಿದ್ದೆ" ಅಂದಳು ಡಬ್ಬಿಯಕ್ಕ.

"ಬೇಯಿಸಿದ್ರೆ ಹೋಗೋ ವಿಷ ಅಲ್ಲ ಕಣೇ ಅದು. ಎಲ್ಲೋ ಒಂದು ಚುಕ್ಕೆ ಇದ್ರೆ ಸುತ್ತ ದಪ್ಪಗೆ ಕೆತ್ತಿ ತೆಗಿ. ತುಂಬಾ ಹಸಿರಾಗಿದ್ರೆ, ಕಹಿ ಬಂದ್ರೆ, ಉದ್ದ ಮೊಳಕೆ ಬಿಟ್ಟು ಮೆತ್ತಗಾಗಿದ್ರೆ ಎಸೀಬೇಕು. ಮಕ್ಕಳಿಗಂತೂ ಕೊಡಲೇಬಾರದು."

ವಾಷರಣ್ಣ ಕ್ರೇಟಿನ ಮೇಲೆ ಹಳೆಯ ಗೋಣಿಯನ್ನು ಸಡಿಲವಾಗಿ ಹೊದಿಸಿದ. ಬಿಗಿಯಲಿಲ್ಲ. ಒಂದು ಅಂಚು ಎತ್ತಿ ಕೈ ಒಳಗಿಟ್ಟು, ಗಾಳಿ ಆಡುತ್ತಿದೆಯೇ ಅಂತ ಸುಮಾರು ಹೊತ್ತು ನೋಡಿದ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಗುಂಪಿನಲ್ಲಿ ಕೂತು ಕೇಳುತ್ತಿರುವವರೇ, ಇವತ್ತು ಮನೆಗೆ ಹೋದ ತಕ್ಷಣ ನಿಮ್ಮ ಆಲೂಗಡ್ಡೆ ಎಲ್ಲಿದೆ ನೋಡಿ. ಕತ್ತಲೆ ಇರಲಿ, ತಂಪು ಇರಲಿ, ಒಣಗಿರಲಿ. ಇವೆಲ್ಲಕ್ಕಿಂತ ಹೆಚ್ಚಾಗಿ ಗಾಳಿ ಇರಲಿ. ಮುಚ್ಚಿದ ಸಂಪು, ನೆಲದಡಿ ಕಾಳು ತುಂಬುವ ಹಗೇವು, ಕಿಟಕಿಯಿಲ್ಲದ ನೆಲಮಾಳಿಗೆಯಲ್ಲಿ ಗೆಡ್ಡೆ ತುಂಬಬೇಡಿ. ಈಗಾಗಲೇ ತುಂಬಿದ್ದರೆ, ಅದು ನಾರಲಿ ಬಿಡಲಿ, ಒಳಗೆ ಹೋಗಬೇಡಿ, ಬಗ್ಗಿಯೂ ನೋಡಬೇಡಿ. ವಾಸನೆ ಇಲ್ಲ ಅಂತ ಧೈರ್ಯ ಮಾಡಬೇಡಿ, ಹಗ್ಗ ಇದೆ ಅಂತಲೂ ಮಾಡಬೇಡಿ. ಮಕ್ಕಳನ್ನು ದೂರ ಕಳಿಸಿ, ಅಗ್ನಿಶಾಮಕದವರನ್ನು ಕರೆಯಿರಿ. ಅವರು ಬಂದದ್ದನ್ನು ಬೀದಿಯವರು ನೋಡಿದರೆ ನೋಡಲಿ.

ಅಷ್ಟರಲ್ಲೇ ಯಾರೋ ಇಳಿದು ಬಿದ್ದುಹೋಗಿದ್ದರೆ, ಹಿಂದೆಯೇ ಇಳಿಯಲು ಒಬ್ಬರು ಓಡಿ ಬರುತ್ತಾರೆ. ಅಣ್ಣನೋ, ಮಗನೋ, ಹೆಂಡತಿಯೋ, ಯಾರೋ ಒಬ್ಬರು ಬಂದೇ ಬರುತ್ತಾರೆ. ಮೊದಲು ಅವರನ್ನು ಹಿಡಿದುಕೊಳ್ಳಿ. ಅವರು ಬೈಯುತ್ತಾರೆ, ಅಳುತ್ತಾರೆ, ನಿಮ್ಮನ್ನು ಹೊಡೆಯುತ್ತಾರೆ.

ಬಿಡಬೇಡಿ.